ಬಲ್ಬಿನ ಅಕ್ಕೋರು

ಹೋದ ತಿಂಗಳು, ತೀರಿಕೊಂಡ ನಮ್ಮ ಮೇಡಂ ಅವರ ದಿನದ ಕಾರ್ಯಕ್ಕೆಂದು ರಾರಾವಿಗೆ ಹೋಗಿದ್ದೆ. ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ಇನ್ನೊಂದು ಬಸ್ಸು. ಇಳಿದ ಕೂಡಲೇ ಕಟ್ಟೆಯ ಮೇಲೆ ಕೂತಿದ್ದ ಮೂವರನ್ನು, ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಇಂಥವರ ಮನೆ ಯಾವುದು ಎಂದು ಹೆಸರು ಹಿಡಿದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಊರು ತಪ್ಪಿ ಇಳಿದೆನೇನೋ ಎಂದು ನನಗೆ ದಿಗಿಲಾಯಿತು. ಕೊನೆಗೆ ಅವರಲ್ಲೊಬ್ಬ, "ಬಲ್ಬಿನ ಅಕ್ಕೋರೇನ್ರಿ? ಹಂಗ ಹೇಳ್ರಿ ಮತ್ತ" ಎಂದು ಎದ್ದು ಬಂದು ಮನೆಯ ತನಕ ಬಿಟ್ಟುಹೋದ.

ಊರಿನವರ ಪ್ರಕಾರ ಮೇಡಂ ಬಳ್ಳಾರಿಯಲ್ಲಿ ಬಲ್ಬು ಮಾಡುತ್ತಿದ್ದರು. ರಜೆಗೆ ಬಂದರೆ ಸಾಕು, ಸುಟ್ಟ ಟ್ಯೂಬ್‌ಲೈಟು, ತಿರುಗದ ಮಿಕ್ಸರು, ಪಂಪಿನ ಸ್ಟಾರ್ಟರು ಎಲ್ಲ ಅವರ ಅಂಗಳಕ್ಕೆ ಬರುತ್ತಿದ್ದವಂತೆ. ಇದು ನನ್ನ ಕೆಲಸವಲ್ಲ ಎಂದು ಒಂದು ದಿನವೂ ಹೇಳಲಿಲ್ಲ ಎಂದು ಅವರ ತಮ್ಮ ಹೇಳಿದ. ಕಾಲು ಚಾಚಿ ಕೂತು, ಟೆಸ್ಟರು ಹಿಡಿದು, ಬಂದದ್ದನ್ನೆಲ್ಲ ಬಿಚ್ಚುತ್ತಿದ್ದರಂತೆ. ಅರ್ಧ ರಿಪೇರಿಯಾಗುತ್ತಿದ್ದವು, ಉಳಿದರ್ಧ ಇನ್ನಷ್ಟು ಕೆಡುತ್ತಿದ್ದವು. ಅವನು ಇದನ್ನು ನಗುತ್ತಲೇ ಹೇಳಿದ, ಆಮೇಲೆ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ಬಲ್ಬು ಮಾಡುತ್ತಿದ್ದರು ಎನ್ನುವುದು ಪೂರಾ ಸುಳ್ಳೂ ಅಲ್ಲ. ಈಗಿನ ದುಬಾರಿ ಫೋನು, ಟಿ.ವಿ.ಗಳ ಪರದೆಯೊಳಗೆ ಇಂಗಾಲದ ಸಂಯುಕ್ತಗಳ ತೀರಾ ತೆಳ್ಳನೆಯ ಪದರಗಳಿರುತ್ತವೆ. ಒಂದು ತಲೆಕೂದಲನ್ನು ಸಾವಿರ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪ ಇದ್ದೀತೋ ಅಷ್ಟು. ಆ ಪದರಗಳಿಗೆ ಒಂದು ಕಡೆಯಿಂದ ಎಲೆಕ್ಟ್ರಾನುಗಳು ಬರುತ್ತವೆ, ಇನ್ನೊಂದು ಕಡೆಯಿಂದ ಎಲೆಕ್ಟ್ರಾನಿಲ್ಲದ ಖಾಲಿ ಜಾಗಗಳು ಬರುತ್ತವೆ. ಖಾಲಿ ಜಾಗಕ್ಕೆ ನಾವು ಹೋಲ್ ಎನ್ನುತ್ತೇವೆ. ಎರಡೂ ನಡುವೆ ಸಂಧಿಸಿದಲ್ಲಿ ಬೆಳಕು ಹುಟ್ಟುತ್ತದೆ. ಮೇಡಂಗೆ ಆ ಬೆಳಕಿನ ಬಗ್ಗೆ ಅಷ್ಟೇನೂ ಕುತೂಹಲವಿರಲಿಲ್ಲ. ಅವರ ಜೀವವೆಲ್ಲ ಅದಕ್ಕೂ ಮುಂಚಿನ ನಡಿಗೆಯ ಮೇಲೆ. ತಾಮ್ರದ ತಂತಿಯಲ್ಲಿ ಹರಿದ ಹಾಗೆ ಚಾರ್ಜು ಇಲ್ಲಿ ಸಲೀಸಾಗಿ ಹರಿಯುವುದಿಲ್ಲ. ಒಂದು ಅಣುವಿನಿಂದ ಪಕ್ಕದ ಅಣುವಿಗೆ ನೆಗೆಯುತ್ತ, ಎಡವುತ್ತ, ಎಲ್ಲೋ ಸಿಕ್ಕಿಬಿದ್ದು ಬಿಡಿಸಿಕೊಳ್ಳುತ್ತ ಹೋಗುತ್ತದೆ. ಎಷ್ಟು ಚುರುಕಾಗಿ ಹೋಗುತ್ತದೆ ಎಂದು ಅಳೆಯುವುದೇ ನಮ್ಮ ಲ್ಯಾಬಿನ ಕೆಲಸ.

ನಾನು ಪಿಎಚ್.ಡಿ.ಗೆ ಸೇರಿದ ಮೊದಲ ವಾರವೇ ನನ್ನನ್ನೂ ಎಂ.ಎಸ್ಸಿ.ಯವರನ್ನೂ ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿ, ಈ ತುದಿಯಿಂದ ಆ ತುದಿಗೆ ಪುಸ್ತಕ ದಾಟಿಸಿ ಎಂದರು. ಸಿರುಗುಪ್ಪದ ಗದ್ದೆಗಳಲ್ಲಿ ನಾಟಿ ಮಾಡುವಾಗ ಸಸಿಯ ಕಟ್ಟು ಒಬ್ಬರಿಂದೊಬ್ಬರಿಗೆ ಹೋಗುತ್ತದಲ್ಲ, ಹಾಗೆ. ಪುಸ್ತಕಗಳು ಚೆನ್ನಾಗಿ ಹೋಗುತ್ತಿದ್ದಾಗ ನಡುವಿನ ಒಬ್ಬನನ್ನು ನೆಲದ ಮೇಲೆ ಕೂಡಿಸಿಬಿಟ್ಟರು. ಅವನ ಕೈಗೆ ಪುಸ್ತಕ ಇಳಿಯುವುದು ಸುಲಭ, ಅವನಿಂದ ಮೇಲೆ ಎತ್ತಿಕೊಳ್ಳುವುದು ಕಷ್ಟ. ಅಲ್ಲೇ ರಾಶಿ ಬಿತ್ತು. "ಇವ ಟ್ರ್ಯಾಪು. ಇಂಥಾವ ಒಬ್ಬಿದ್ರ ಸಾಕು, ಇಡೀ ಸಾಲು ನಿಂದರತೈತಿ" ಎಂದರು. ಆ ಗೆಳೆಯ ಈಗ ಹೊಸಪೇಟೆಯಲ್ಲಿ ಬ್ಯಾಂಕಿನ ಮ್ಯಾನೇಜರ್. ನಾವು ಅವನನ್ನು ಇಂದಿಗೂ ಟ್ರ್ಯಾಪು ಎಂದೇ ಕರೆಯುತ್ತೇವೆ.

ಧೂಳೆಂದರೆ ಅವರಿಗೆ ಹಗೆ. ಬಳ್ಳಾರಿಯ ಕೆಂಪು ಧೂಳು ಬಲ್ಲವರೇ ಬಲ್ಲರು. ಕಿಟಕಿ ಮುಚ್ಚಿದ್ದರೂ ಒಳಗೆ ಬಂದು ಕೂತಿರುತ್ತದೆ. ಅದರ ಒಂದು ಕಣ ನಮ್ಮ ಗಾಜಿನ ಮೇಲೆ ಬಿದ್ದರೆ ಪದರ ತೂತಾಗಿ ಇಡೀ ದಿನದ ಕೆಲಸ ಹಾಳು. ದಿನಕ್ಕೆ ಮೂರು ಸಲ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೇಡಂ ತಾವೇ ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಕಮಿಟಿಯನ್ನು ಬಾಗಿಲಲ್ಲೇ ತಡೆದು ಬೂಟು ಬಿಚ್ಚಿಸಿದರು. ಅವರಲ್ಲೊಬ್ಬರ ಕಾಲುಚೀಲದಲ್ಲಿ ತೂತು. ಅವರು ಸಂಕೋಚದಿಂದ ಕಾಲು ಮುಚ್ಚಿಕೊಳ್ಳುತ್ತಿದ್ದರೆ ಮೇಡಂ, "ಇರ್ಲಿ ಬರ್ರಿ ಸರ್, ನಮ್ಮ ಲ್ಯಾಬಿನಾಗ ಹೋಲಿಗೆ ಭಾಳ ಮರ್ಯಾದಿ ಐತಿ" ಎಂದರು. ಕಮಿಟಿ ನಕ್ಕಿತು. ಆ ವರ್ಷ ನಮಗೆ ಹೊಸ ಯಂತ್ರವೇನೂ ಬರಲಿಲ್ಲ ಎಂಬುದು ಬೇರೆ ಮಾತು.

ಅವರಲ್ಲಿ ದೋಷವಿರಲಿಲ್ಲವೆಂದಲ್ಲ. ಹೊಗಳುವುದೆಂದರೆ ಮಹಾ ಜಿಪುಣತನ. ರಜೆ ಕೇಳಿದರೆ ಮುಖ ಗಂಟು. ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಅರ್ಧ ದಿನ ಕೊಟ್ಟು, ಉಳಿದರ್ಧಕ್ಕೆ ಲ್ಯಾಬಿಗೆ ಬಾ ಎಂದವರು. ತಾಯಿ ಆದವಾನಿ ಕಡೆಯವರಾದ್ದರಿಂದ ನಿಜವಾದ ಸಿಟ್ಟು ಬಂದಾಗ ತೆಲುಗಿಗೆ ಹೊರಳುತ್ತಿದ್ದರು. ಕನ್ನಡದಲ್ಲಿ ಎಷ್ಟೇ ಬೈದರೂ ನಾವು ಹೆದರುತ್ತಿರಲಿಲ್ಲ. "ಏಮಯ್ಯಾ" ಎಂದು ಶುರುವಾಯಿತೆಂದರೆ ಎಲ್ಲರೂ ಬಾಗಿಲ ಕಡೆ ನೋಡುತ್ತಿದ್ದೆವು.

ಲಾಗ್ ಬುಕ್ಕಿನ ವಿಷಯದಲ್ಲಂತೂ ಅವರದು ಒಂದು ಹುಚ್ಚು. ದಿನದ ಪುಟದ ಮೊದಲ ಸಾಲಿನಲ್ಲಿ ಹೊರಗಿನ ಬಿಸಿಲೆಷ್ಟು, ಒಳಗಿನ ಸೆಕೆಯೆಷ್ಟು, ಕರೆಂಟು ಹೋಯಿತೇ, ಗಾಳಿ ಬೀಸಿತೇ, ಯಾವ ಬಾಟಲಿಯನ್ನು ಯಾವಾಗ ತೆರೆದೆವು, ಎಲ್ಲ ಬರೆಯಬೇಕು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಎಂದು ನಾವು ತಮಾಷೆ ಮಾಡಿದರೆ, ಎರಡಲ್ಲಿ ಇವತ್ತು ಯಾವುದು ಎಂದು ಬರೆಯಿರಿ ಎನ್ನುತ್ತಿದ್ದರು. ಒಂದು ದಿನ ನಾನು ಬೇಕೆಂದೇ 'ಇಂದು ಮನಸ್ಸು ಸರಿಯಿಲ್ಲ' ಎಂದು ಬರೆದಿದ್ದೆ. ಓದಿ ಬೈಯಲಿಲ್ಲ, ಯಾಕೆ ಸರಿಯಿಲ್ಲ ಅಂತಲೂ ಬರಿ ಎಂದರು. ಮಧ್ಯಾಹ್ನ ಊಟವಾದ ಮೇಲೆ ಬೇರೆಯವರು ಪೇಪರು ಓದುವ ಹಾಗೆ ಅವರು ನಮ್ಮ ಹಳೆಯ ಲಾಗ್ ಬುಕ್ಕುಗಳನ್ನು ಚಹಾದ ಜೊತೆ ಓದುತ್ತಿದ್ದರು, ಅಲ್ಲಲ್ಲಿ ಒಬ್ಬರೇ ನಗುತ್ತಲೂ ಇದ್ದರು.

ಆ ಓದೇ ನನ್ನ ಕುತ್ತಿಗೆಗೆ ಬಂತು.

ನಾಲ್ಕನೆಯ ವರ್ಷದಲ್ಲಿ, ರಸಾಯನಶಾಸ್ತ್ರ ವಿಭಾಗದವರು ಮಾಡಿಕೊಟ್ಟ ಒಂದು ಹಳದಿ ಪುಡಿಯಲ್ಲಿ ಹೋಲುಗಳು ಅಸಾಧ್ಯ ಚುರುಕಾಗಿ ಓಡುತ್ತವೆ ಎಂದು ನನ್ನ ಅಳತೆಯಲ್ಲಿ ಕಂಡಿತ್ತು. ಅದೇ ಜಾತಿಯ ಬೇರೆ ವಸ್ತುಗಳಲ್ಲಿ ಯಾರಿಗೂ ಸಿಗದ ಅಂಕಿ. ಒಳ್ಳೆಯ ಪತ್ರಿಕೆಯಲ್ಲಿ ಪೇಪರು ಅಚ್ಚಾಯಿತು. ಇಡೀ ವಿಭಾಗಕ್ಕೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಿಸಿದೆವು. ಮರುವರ್ಷ ಥೀಸಿಸ್ಸೂ ಟೈಪಾಗಿ ಬೈಂಡಾಯಿತು. ಅದೇ ಹೊತ್ತಿಗೆ ಬಳ್ಳಾರಿಯದೇ ಒಂದು ಕಾಲೇಜಿನಲ್ಲಿ ಕಾಯಂ ಉಪನ್ಯಾಸಕರ ಹುದ್ದೆ ಬಂತು. ಸಂದರ್ಶನದ ದಿನದೊಳಗೆ ಥೀಸಿಸ್ ಸಲ್ಲಿಸಿರಬೇಕು ಎಂಬುದು ಅವರ ಷರತ್ತು. ಮೇಡಂ ಸಹಿ ಒಂದೇ ಬಾಕಿ. ಸಹಿಗೆ ಮುಂಚೆ ಒಮ್ಮೆ ನೋಡುತ್ತೇನೆಂದು ನನ್ನ ಲಾಗ್ ಬುಕ್ಕುಗಳನ್ನೆಲ್ಲ ತರಿಸಿಕೊಂಡರು. ಮೂರು ದಿನವಾದ ಮೇಲೆ ಕರೆದರು.

"ದಪ್ಪ ಅಳದ ಗಾಜು ಯಾವಾಗಿನ್ವು ತಮ್ಮಾ?"

ಮೇ ತಿಂಗಳಿನವು ಎಂದೆ.

"ಡಿವೈಸು?"

ಡಿಸೆಂಬರಿನವು ಎಂದು ಹೇಳುವಾಗಲೇ ನನಗೆ ತಪ್ಪು ಹೊಳೆಯಿತು.

ಆದದ್ದು ಇಷ್ಟು. ಪದರದ ದಪ್ಪ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಬೆಂಗಳೂರಿಗೆ ಒಯ್ಯಬೇಕು, ಅಲ್ಲಿ ತಿಂಗಳುಗಟ್ಟಲೆ ಕಾದರೆ ಒಂದು ದಿನ ಸಿಗುತ್ತದೆ. ಮೇ ತಿಂಗಳಲ್ಲಿ ಮಾಡಿದ ಗಾಜುಗಳನ್ನು ಒಯ್ದು ಅಳೆದು ಬಂದಿದ್ದೆ. ಡಿಸೆಂಬರಿನಲ್ಲಿ ಡಿವೈಸು, ಅಂದರೆ ಕರೆಂಟು ಹರಿಸಿ ಚುರುಕು ಅಳೆಯುವ ಗಾಜುಗಳನ್ನು ಮಾಡುವಾಗ, ಅದೇ ಪುಡಿ, ಗಾಜು ತಿರುಗಿಸಿ ಪದರ ಹರಡುವ ಅದೇ ಯಂತ್ರ, ಅದೇ ವೇಗ ಎಂದುಕೊಂಡು ಆ ಅಳತೆಯನ್ನೇ ಹಾಕಿದೆ. ಆದರೆ ಮೇ ತಿಂಗಳ ಬಳ್ಳಾರಿಯಲ್ಲಿ ಪುಡಿ ಕರಗಿಸಿಟ್ಟ ಬಾಟಲಿಯ ದ್ರಾವಕ ಆರಿಹೋಗಿ, ಒಲೆಯ ಮೇಲೆ ಮರೆತ ಅಂಬಲಿಯ ಹಾಗೆ ದ್ರಾವಣ ಮಂದವಾಗಿತ್ತು. 'ಬಾಟಲಿ ಹಳೆಯದು, ದ್ರಾವಣ ಸ್ವಲ್ಪ ಗಟ್ಟಿಯಾದಂತಿದೆ' ಎಂದು ಲಾಗ್ ಬುಕ್ಕಿನಲ್ಲಿ ನಾನೇ ಬರೆದಿದ್ದೆ, ಬರೆದು ಮರೆತಿದ್ದೆ. ಆ ಗಾಜುಗಳ ಮೇಲೆ ಪದರ ದಪ್ಪಗೆ ಕೂತಿತ್ತು. ಡಿಸೆಂಬರಿನ ಹೊಸ ಬಾಟಲಿಯದು ತೆಳುವಾಗಿರಲೇಬೇಕು. ನಮ್ಮ ಲೆಕ್ಕದಲ್ಲಿ ದಪ್ಪವನ್ನು ಮೂರು ಸಲ ಗುಣಿಸುತ್ತೇವೆ. ಅಂದರೆ ದಪ್ಪ ಎರಡು ಪಟ್ಟು ತಪ್ಪಿದರೆ, ಚುರುಕುತನದ ಅಂಕಿ ಎಂಟು ಪಟ್ಟು ತಪ್ಪುತ್ತದೆ.

ನಾನು ವಾದಿಸಿದೆ. ಈಗ ಸಹಿ ಹಾಕಿ, ಹುದ್ದೆ ಸಿಕ್ಕ ಮೇಲೆ ಎಲ್ಲ ಮತ್ತೆ ಅಳೆಯೋಣ ಎಂದೆ. ತಪ್ಪಾಗಿದೆ ಎಂದು ಇನ್ನೂ ಸಾಬೀತಾಗಿಲ್ಲವಲ್ಲ ಎಂದೆ. ಕೊನೆಗೆ, ಇದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ ಎಂದೂ ಅಂದೆ. ಆ ಮಾತಿಗಾದರೂ ತೆಲುಗು ಬರುತ್ತದೆಂದು ಕಾದೆ. ಬರಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

"ಬಾಟಲಿ ಯಾವುದು ಅಂತ ನಾನೂ ಕೇಳಲಿಲ್ಲ. ಪೇಪರಿನ ಮ್ಯಾಲ ನನ್ನ ಹೆಸರೂ ಐತಿ" ಎಂದರು. "ಆದ್ರ ಗೊತ್ತಾದ ಮ್ಯಾಲ ಸಹಿ ಹಾಕಾಕ ಬರಂಗಿಲ್ಲ."

ನಾನು ಕುರುಗೋಡಿಗೆ ಹೋಗಿ ಅಪ್ಪನ ಮುಂದೆ ಹೇಳಿಕೊಂಡೆ. ಹೇಳುವಾಗ ತಪ್ಪಿನ ವಿಷಯ ಸಣ್ಣದು ಮಾಡಿ, ಮೇಡಂ ಹಟದ ವಿಷಯ ದೊಡ್ಡದು ಮಾಡಿದೆ ಎಂದು ಈಗ ಒಪ್ಪಿಕೊಳ್ಳಬೇಕು. ಅಪ್ಪ ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಯೂನಿಟ್ಟಿನಲ್ಲಿ ಕಟಿಂಗ್ ಮಾಸ್ಟರು, ದಿನಾ ಬಸ್ಸಿಗೆ ಹೋಗಿ ಬರುವವನು. ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಮೇಲೆ ರಟ್ಟಿನ ಪ್ಯಾಟರ್ನು ಇಟ್ಟು ಗೆರೆ ಎಳೆದು, ಕರೆಂಟಿನ ಕತ್ತರಿಯಿಂದ ಎಲ್ಲವನ್ನೂ ಒಂದೇ ಸಲ ಕತ್ತರಿಸುವ ಕೆಲಸ. ವಾರದ ರಜೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು, ಒಂದು ಚೀಲ ಹಸಿ ಶೇಂಗಾ ಹಿಡಿದು, ನನ್ನನ್ನು ಕರೆದುಕೊಂಡು ಮೇಡಂ ಮನೆಗೆ ಹೊರಟ.

ಮೇಡಂ ಮೊದಲು ಊಟಕ್ಕೆ ಬಡಿಸಿದರು. ಅಪ್ಪ ಎರಡು ತುತ್ತು ತಿನ್ನುವಷ್ಟರಲ್ಲೇ ಶುರು ಮಾಡಿದ. ನಮ್ಮ ಮನೆಯಲ್ಲಿ ಇಷ್ಟು ಓದಿದವನು ಇವನೊಬ್ಬನೇ, ಈ ಹುದ್ದೆ ಹೋದರೆ ಮತ್ತೆ ಯಾವಾಗಲೋ, ತಂಗಿಯ ಮದುವೆ ಬೇರೆ ಇದೆ ಎಂದೆಲ್ಲ ಹೇಳಿ, "ಒಂದ್ ಸಹಿ ಐತ್ರಿ ಅಕ್ಕೋರ. ಹಾಕಿ, ಆಮ್ಯಾಲ ಇವನ್ನ ಎಷ್ಟ್ ಬೇಕಾದ್ರೂ ದುಡಸ್ಕೊರಿ" ಎಂದು ಕೈ ಮುಗಿದ. ಎಂಜಲು ಕೈಯಲ್ಲೇ ಮುಗಿದ. ನನಗೆ ಅಪ್ಪನನ್ನು ನೋಡಲಾಗಲಿಲ್ಲ, ಮೇಡಂ ಕಡೆ ನೋಡಿದೆ. ಅವರ ಕಣ್ಣಲ್ಲಿ ನೀರಿತ್ತು.

ಅವರು ಸಾರಿನ ಪಾತ್ರೆ ಎತ್ತಿಕೊಂಡರು. ಅನ್ನಕ್ಕೆ ಸಾರು ಹಾಕುತ್ತ ಅಪ್ಪನ ಕೆಲಸದ ಬಗ್ಗೆ ಕೇಳಿದರು. ಎಷ್ಟು ಪದರ ಹಾಸುತ್ತೀರಿ, ಬಟ್ಟೆ ಜಾರದ ಹಾಗೆ ಏನು ಮಾಡುತ್ತೀರಿ, ಪ್ಯಾಟರ್ನಿನಲ್ಲೇ ತಪ್ಪಿದ್ದರೆ ಏನಾಗುತ್ತದೆ. ಕೆಲಸದ ಮಾತು ಬಂದರೆ ಅಪ್ಪನಿಗೆ ಬೇರೆಲ್ಲ ಮರೆತುಹೋಗುತ್ತದೆ. ತಾನು ಪ್ಯಾಟರ್ನನ್ನು ಮೂರು ಸಲ ಅಳೆಯದೆ ಕತ್ತರಿ ಮುಟ್ಟುವುದಿಲ್ಲ, ಪ್ಯಾಟರ್ನು ಬೆರಳಗಲ ತಪ್ಪಿದರೂ ಇಡೀ ಥಾನು ಹಾಳು, ಆಮೇಲೆ ಹೊಲಿಯುವ ಹೆಣ್ಣುಮಕ್ಕಳು ಎಷ್ಟು ಒದ್ದಾಡಿದರೂ ಕಾಲಿಗೆ ಕಾಲು ಕೂಡುವುದಿಲ್ಲ, ಬೈಗುಳ ಮಾತ್ರ ಅವರಿಗೆ ಎಂದು ಹೇಳಿದ. ಮೇಡಂ ಎದ್ದು ಹೋಗಿ ನಮ್ಮ ಪೇಪರು ತಂದು ಅವನ ಮುಂದೆ ಇಟ್ಟು, ಅದರಲ್ಲಿದ್ದ ಆ ಒಂದು ಅಂಕಿಯ ಮೇಲೆ ಬೆರಳಿಟ್ಟರು. ಇದೇ ನಮ್ಮ ಪ್ಯಾಟರ್ನು, ಇದು ತಪ್ಪಿದೆ ಎಂದು ಅನಿಸುತ್ತಿದೆ ಎಂದರು.

ಅಪ್ಪ ಇಂಗ್ಲಿಷು ಓದಲಾರ. ಆ ಹಾಳೆಯನ್ನು ಬಹಳ ಹೊತ್ತು ನೋಡಿದ.

"ಇದನ್ನ ನೋಡಿ ಬ್ಯಾರೆಯವರು ಕಟಿಂಗ್ ಮಾಡತಾರೇನ್ರಿ ಅಕ್ಕೋರ?"

"ಮಾಡತಾರ್ರಿ ಅಣ್ಣಾರ. ಮಾಡಾಕಂತನ ಅಚ್ಚು ಹಾಕಸೋದು."

"ಹಂಗಾದ್ರ ಸಹಿ ಹಾಕಬ್ಯಾಡ್ರಿ" ಎಂದ ಅಪ್ಪ, ಮತ್ತೆ ಊಟ ಮಾಡತೊಡಗಿದ.

ನನ್ನ ಪರವಾಗಿ ವಕಾಲತ್ತಿಗೆ ಬಂದವನು ಆ ಕಡೆ ಸೇರಿಬಿಟ್ಟಿದ್ದ. ವಾಪಸು ಬಸ್ಸಿನಲ್ಲಿ ನಾನು ಅವನ ಪಕ್ಕ ಕೂಡಲಿಲ್ಲ. ಕುರುಗೋಡಿನಲ್ಲಿ ಇಳಿದ ಮೇಲೆ ಅಪ್ಪನೇ ಹತ್ತಿರ ಬಂದು, "ನೌಕರಿ ಇವತ್ತಲ್ಲ ನಾಳೆ ಸಿಗತೈತಿ. ಆದ್ರ ಆಕಿ ಮಾಡಿದ್ದು ತಪ್ಪಂತ ನನ್ನ ಮುಂದ ಹೇಳಬ್ಯಾಡ" ಎಂದ. ಹುದ್ದೆ ಬೇರೆಯವರಿಗೆ ಹೋಯಿತು. ಅದು ಹೋದ ಸುದ್ದಿ ಬಂದ ದಿನ ನಾನು ಅತ್ತಿದ್ದೆ ಎಂದು ಬರೆಯಲು ನನಗೀಗ ನಾಚಿಕೆಯಿಲ್ಲ.

ಆಮೇಲಿನ ಒಂದೂವರೆ ವರ್ಷ ನಾನು ಮೇಡಂ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆ. ಅವರು, ಬರೇ ಡಿಸೆಂಬರಿನ ಗಾಜು ಅಳೆದರೆ ಸಾಲದು, ಎಷ್ಟು ತಪ್ಪಿದೆ, ಯಾಕೆ ತಪ್ಪಿದೆ ಎರಡೂ ತಿಳಿಯಬೇಕು ಎಂದು ಬಿರುಬೇಸಿಗೆಯಲ್ಲೊಮ್ಮೆ, ಚಳಿಗಾಲದಲ್ಲೊಮ್ಮೆ, ಹಳೆಯ ಬಾಟಲಿ ಹೊಸ ಬಾಟಲಿ ಎರಡರಲ್ಲೂ ಮಾಡಿಸಿದರು. ಸಣ್ಣ ಕರೆಂಟು ಅಳೆಯುವಾಗ ಏಸಿ, ಫ್ಯಾನು ಏನೂ ಹಾಕುವಂತಿಲ್ಲ, ರೀಡಿಂಗು ಅಲುಗಾಡುತ್ತದೆ. ಬೆಳಕೂ ಬೀಳಬಾರದು. ಮೇ ತಿಂಗಳ ಮಧ್ಯಾಹ್ನ, ಕರಿ ಬಟ್ಟೆ ಹೊದ್ದ ಮೇಜಿನ ಪಕ್ಕ, ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ನಿವೃತ್ತಿ ಹತ್ತಿರವಾದ ಆ ಹೆಂಗಸು ನಾನು ಓದಿ ಹೇಳಿದ ಒಂದೊಂದು ಅಂಕಿಯನ್ನೂ ಬರೆದುಕೊಳ್ಳುತ್ತಿದ್ದರು. ನಾನು ಸಿಟ್ಟಿನಲ್ಲಿ ಬೇಗ ಬೇಗ ಓದಿದರೆ, "ಸಾವಕಾಶ" ಎನ್ನುತ್ತಿದ್ದರು, ಅಷ್ಟೇ.

ಹೊಸ ಬಾಟಲಿಯ ಪದರ ಹೆಚ್ಚುಕಡಿಮೆ ಅರ್ಧ ದಪ್ಪ ಬಂತು. ನಮ್ಮ ಅಸಾಧ್ಯದ ಅಂಕಿ ಎಂಟನೇ ಒಂದು ಪಾಲಾಗಿ, ಅದೇ ಜಾತಿಯ ಹತ್ತಾರು ವಸ್ತುಗಳ ಸಾಲಿನಲ್ಲಿ ಹೋಗಿ ನಿಂತಿತು. ಮೇಡಂ ಪತ್ರಿಕೆಗೆ ಬರೆದು ತಿದ್ದುಪಡಿ ಅಚ್ಚು ಹಾಕಿಸಿದರು. ವಿಭಾಗದಲ್ಲಿ ಗುಸುಗುಸು ಆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ತಾವೇ ಮಾಡಿಕೊಂಡರು ಎಂದವರೂ ಇದ್ದರು. ಅದೇ ವರ್ಷ ಪ್ರೊಫೆಸರ್ ಬಡ್ತಿಗೆ ಅವರ ಸಂದರ್ಶನವಿತ್ತು. ಒಯ್ದ ಕಾಗದಗಳಲ್ಲಿ ಎಲ್ಲಕ್ಕಿಂತ ಮೇಲೆ ಆ ತಿದ್ದುಪಡಿಯನ್ನೇ ಇಟ್ಟಿದ್ದರಂತೆ. ಬಡ್ತಿ ಬರಲಿಲ್ಲ. ಇದೇ ಕಾರಣವೋ ಬೇರೆಯದೋ ನನಗೆ ಗೊತ್ತಿಲ್ಲ. ಪ್ರೊಫೆಸರ್ ಆಗದೆಯೇ ನಿವೃತ್ತರಾದರು. ನನಗೆ ಎರಡು ವರ್ಷ ತಡವಾಗಿ ಪಿಎಚ್.ಡಿ. ಬಂತು, ಆಮೇಲೆ ಕೆಲಸವೂ ಸಿಕ್ಕಿತು.

ಆದರೆ ಅದಕ್ಕೂ ಮೊದಲು, ತಿದ್ದುಪಡಿ ಅಚ್ಚಾಗಿ ನಾಲ್ಕಾರು ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಮೇಡಂ ಒಂದು ಈಮೇಲನ್ನು ಪ್ರಿಂಟು ಹಾಕಿ ತಂದು ನನ್ನ ಮೇಜಿನ ಮೇಲಿಟ್ಟು ಹೋದರು. ಯಾವುದೋ ದೂರದ ದೇಶದ ಸಂಶೋಧನಾ ವಿದ್ಯಾರ್ಥಿನಿ ಬರೆದದ್ದು. ನಮ್ಮ ಪೇಪರು ಓದಿ ಅವಳೂ ಅದೇ ವಸ್ತು ಮಾಡಿಕೊಂಡು ಒಂದೂವರೆ ವರ್ಷದಿಂದ ಅಳೆಯುತ್ತಿದ್ದಳಂತೆ. ಪ್ರತಿ ಸಲವೂ ನಮ್ಮದರ ಎಂಟನೇ ಒಂದು ಪಾಲೇ ಬರುತ್ತಿತ್ತು. ಅವಳ ಗೈಡು, ನಿನಗೆ ಪದರ ಹಾಕುವ ಕೈಗುಣವೇ ಇಲ್ಲ ಎಂದು ಅವಳ ಕೆಲಸವನ್ನು ಬೇರೆಯವನಿಗೆ ವಹಿಸಿದ್ದರು. ಓದು ಬಿಟ್ಟು ಊರಿಗೆ ಹೋಗಲು ಅವಳು ಅರ್ಜಿಯನ್ನೂ ಬರೆದಿಟ್ಟಿದ್ದಳು. ಅಷ್ಟರಲ್ಲಿ ನಮ್ಮ ತಿದ್ದುಪಡಿ ಕಣ್ಣಿಗೆ ಬಿತ್ತು ಎಂದು ಬರೆದಿದ್ದಳು.

ಎರಡು ಸಲ ಓದಿದೆ. ಒಂದೂವರೆ ವರ್ಷ ನಾನು ನನ್ನ ಹುದ್ದೆ, ನನ್ನ ಸಂದರ್ಶನ, ನನಗಾದ ಅನ್ಯಾಯ ಎಂದು ಕುದಿಯುತ್ತಿದ್ದಾಗ, ಭೂಮಿಯ ಇನ್ನೊಂದು ತುದಿಯಲ್ಲಿ ಒಂದು ಹುಡುಗಿ ನನ್ನ ಅಂಕಿಯನ್ನು ನಂಬಿ ತನ್ನನ್ನು ನಂಬುವುದು ಬಿಟ್ಟಿದ್ದಳು. ಕಾಗದ ಹಿಡಿದು ಮೇಡಂ ಕೋಣೆಗೆ ಹೋದೆ.

"ಉತ್ತರ ನಾನು ಬರೀಲೇನ್ರಿ ಮೇಡಂ?" ಎಂದು ಕೇಳಿದೆ. ಒಂದೂವರೆ ವರ್ಷದಲ್ಲಿ ಕೆಲಸಕ್ಕೆ ಹೊರತಾಗಿ ನಾನು ಆಡಿದ ಮೊದಲ ಮಾತು ಅದು.

ಅವರು ಎದ್ದು ನಿಂತು ತಮ್ಮ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ನಾನು ಕೂತು ಬಳ್ಳಾರಿಯ ಬಿಸಿಲಿನಿಂದ ಶುರು ಮಾಡಿ, ಬಾಟಲಿ, ಬೆಂಗಳೂರಿನ ಯಂತ್ರ, ನಮಗಿದ್ದ ತೊಂದರೆಗಳು ಎಂದು ಒಂದು ಪುಟ ಟೈಪು ಮಾಡಿದೆ. ಹಿಂದೆ ನಿಂತು ಓದಿದ ಮೇಡಂ, "ಇವೆಲ್ಲ ನೆವ. ಆಕಿಗೆ ಬೇಕಾಗಿದ್ದಷ್ಟ ಬರಿ ತಮ್ಮಾ" ಎಂದರು. ಎಲ್ಲ ಅಳಿಸಿದೆ. ನಿಮ್ಮ ಕೈಯಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ನಮ್ಮ ಅಳತೆಯದು, ನಿಮ್ಮ ಅಂಕಿಯೇ ಸರಿ ಎಂದು ಮೂರು ಮಾತು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಮೇಡಂ ನನ್ನ ಭುಜದ ಮೇಲಿಂದ ಬಗ್ಗಿ, ಒಂದೊಂದೇ ಅಕ್ಷರ ಒತ್ತಿ, ನನ್ನ ಹೆಸರಿನ ಕೆಳಗೆ ತಮ್ಮ ಹೆಸರನ್ನೂ ಬರೆದರು.